ಟಿಪ್ಪುವಿನ ಹುಲಿ ಯಾರದು?

ಇಂಗ್ಲಿಷಿನ ವಾರಗಳ ಹೆಸರನ್ನು ಒಮ್ಮೆ ನಿಧಾನವಾಗಿ ಹೇಳಿ ನೋಡಿ. ಟ್ಯೂಸ್‌ಡೇ, ವೆಡ್ನೆಸ್‌ಡೇ, ಥರ್ಸ್‌ಡೇ ಎನ್ನುವಾಗ ‘ಡೇ’ಗೆ ಮುಂಚೆ ಒಂದು ಸಕಾರ ಬರುತ್ತದೆ. ಸಂಡೇ, ಮಂಡೇ, ಫ್ರೈಡೇ ಎನ್ನುವಾಗ ಬರುವುದಿಲ್ಲ. ಇಂಗ್ಲಿಷರು ಸಾವಿರ ವರ್ಷಕ್ಕೂ ಮೇಲ್ಪಟ್ಟು ಈ ಹೆಸರುಗಳನ್ನು ಹೇಳುತ್ತ ಬಂದಿದ್ದಾರೆ, ನಾವೂ ಹಲವು ತಲೆಮಾರುಗಳಿಂದ ಹೇಳುತ್ತಿದ್ದೇವೆ. ಆ ಸಕಾರ ಕೆಲವು ಕಡೆ ಮಾತ್ರ ಏಕಿದೆ ಎಂದು ಕೇಳಿಕೊಂಡವರು ಕಡಿಮೆ.

ಅದು ಷಷ್ಠೀ ವಿಭಕ್ತಿಯ ಪಳೆಯುಳಿಕೆ. ಟೀವ್, ವೋಡನ್, ಥೂನರ್ ಎಂಬುವರು ಇಂಗ್ಲೆಂಡು ಕ್ರೈಸ್ತಧರ್ಮಕ್ಕೆ ಸೇರುವುದಕ್ಕೆ ಮುಂಚಿನ ಗಂಡು ದೇವರುಗಳು. ಹಳೆಯ ಇಂಗ್ಲಿಷಿನಲ್ಲಿ ಇಂಥ ಪುಲ್ಲಿಂಗ ಪದಗಳಿಗೆ ‘-ನ’ ಎಂಬ ಅರ್ಥ ಬರಬೇಕಾದರೆ ಕೊನೆಗೆ ‘ಎಸ್’ ಎಂಬ ಪ್ರತ್ಯಯ ಹತ್ತುತ್ತಿತ್ತು. ವೋಡನ್ನನ ದಿನ ವೆಡ್ನೆಸ್‌ಡೇ. ಸ್ತ್ರೀಲಿಂಗಕ್ಕೆ ಬೇರೆ ಪ್ರತ್ಯಯವಿತ್ತು, ಇನ್ನೊಂದು ಗುಂಪಿನ ಪದಗಳಿಗೆ ‘ಅನ್’ ಹತ್ತುತ್ತಿತ್ತು. ಆ ಭಾಷೆಯಲ್ಲಿ ಸೂರ್ಯ ಹೆಣ್ಣು, ಚಂದ್ರ ಗಂಡು. ಇಬ್ಬರೂ ‘ಅನ್’ ಗುಂಪಿನವರು. ಫ್ರಿಗ್ ಎಂಬವಳು ದೇವತೆ. ಹಾಗಾಗಿ ಆ ಮೂವರ ವಾರಗಳಲ್ಲಿ ಸಕಾರವಿಲ್ಲ. ಮಾರ್ಚ್ 25ರಂದು ಬರುವ ಮೇರಿಮಾತೆಯ ಹಬ್ಬಕ್ಕೆ ಇಂದಿಗೂ ‘ಲೇಡಿ ಡೇ’ ಎಂದೇ ಹೆಸರು. ಅಲ್ಲಿಯೂ ಅದೇ ಕಾರಣ.

ವಿಭಕ್ತಿಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡಿದ ನಮಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಸೋಮವಾರವನ್ನು ಬಿಡಿಸಿದರೆ ಸೋಮನ ವಾರ, ಷಷ್ಠೀ ತತ್ಪುರುಷ. ಆಶ್ಚರ್ಯವಿರುವುದು ಮುಂದಿನ ಕಥೆಯಲ್ಲಿ. ಹಳೆಯ ಇಂಗ್ಲಿಷಿನ ವಿಭಕ್ತಿಗಳೆಲ್ಲ ಒಂದೊಂದಾಗಿ ಉದುರಿಹೋದವು. ನಾಮಪದಗಳಲ್ಲಿ ಉಳಿದದ್ದು ಈ ಒಂದು ಸಕಾರ. ಅದಕ್ಕೆ ಆಮೇಲೆ ತಲೆಯ ಮೇಲೆ ಒಂದು ಚಿಹ್ನೆ ಬಂತು, ‘ಒಡೆತನದ ವಿಭಕ್ತಿ’ ಎಂಬ ಹೊಸ ಹೆಸರೂ ಬಂತು. ಮುಂಬಯಿಯಲ್ಲಿ ಬಹಳ ವರ್ಷ ಇಂಗ್ಲಿಷ್ ಕರಡಚ್ಚು ತಿದ್ದಿ ಹೊಟ್ಟೆ ಹೊರೆದ ನನಗೆ ಆ ಚಿಹ್ನೆ ದಿನನಿತ್ಯದ ಕೂಲಿ. ಆದರೆ ಚಿಹ್ನೆಗಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಆ ಹೆಸರು. ‘ನನ್ನದು’, ‘ಅವನದು’ ಎಂದಾಗಲೆಲ್ಲ ನಾವು ನಿಜವಾಗಿ ಒಡೆತನದ ಮಾತನ್ನೇ ಆಡುತ್ತೇವೆಯೇ?

ಸಕಾರದ ಎದುರಾಳಿ

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಆಸ್ಥಾನ, ನ್ಯಾಯಾಲಯ, ದೊಡ್ಡ ಮನೆತನಗಳಲ್ಲಿ ಫ್ರೆಂಚ್ ನೆಲೆಸಿತು. ಫ್ರೆಂಚಿನಲ್ಲಿ ‘ರಾಜನ ಮಗಳು’ ಎನ್ನಲು ಪ್ರತ್ಯಯವಿಲ್ಲ. ‘ಮಗಳು’ ಎಂದು ಮೊದಲು ಹೇಳಿ, ನಡುವೆ ‘ದ’ ಎಂಬ ಪುಟ್ಟ ಪದವನ್ನಿಟ್ಟು, ಆಮೇಲೆ ‘ರಾಜ’ ಎನ್ನಬೇಕು. ಇಂಗ್ಲಿಷಿನಲ್ಲಿ ಅದಕ್ಕೆ ಸರಿಹೊಂದುವಂತೆ ‘ಆಫ್’ ಎಂಬ ಪದ ಇದ್ದೇ ಇತ್ತು. ಅದರ ಮೂಲ ಅರ್ಥ ‘ಅಲ್ಲಿಂದ’, ‘ದೂರಕ್ಕೆ’ ಎಂದು. ವಿಭಕ್ತಿಗಳು ಸವೆಯುತ್ತಿದ್ದ ಕಾಲ; ಜೊತೆಗೆ ಫ್ರೆಂಚಿನ ಒತ್ತಾಸೆ. ಉಳಿದ ಬರಹಗಳನ್ನು ಎಣಿಸಿ ನೋಡಿದ ವಿದ್ವಾಂಸರ ಪ್ರಕಾರ 10ನೆಯ ಶತಮಾನದಲ್ಲಿ ನೂರಕ್ಕೆ ಒಂದರಷ್ಟು ಕಡೆ ಮಾತ್ರ ಕಾಣುತ್ತಿದ್ದ ‘ಆಫ್’, 14ನೆಯ ಶತಮಾನದ ಹೊತ್ತಿಗೆ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಕಡೆ ಬಂದು ಕುಳಿತಿತ್ತು.

ಸಕಾರ ಸಾಯಬೇಕಿತ್ತು, ಸಾಯಲಿಲ್ಲ. ಎರಡೂ ಕೆಲಸ ಹಂಚಿಕೊಂಡವು. ಜೀವವಿರುವವರಿಗೆ, ಹೆಸರಿರುವವರಿಗೆ ಸಕಾರ, ಜಡವಸ್ತುಗಳಿಗೆ ‘ಆಫ್’. ಮೇಜಿನ ಕಾಲಿಗೆ ‘ಲೆಗ್ ಆಫ್ ದ ಟೇಬಲ್’, ಮಗುವಿನ ಕಾಲಿಗೆ ‘ಚೈಲ್ಡ್ಸ್ ಲೆಗ್’. ಕನ್ನಡಕ್ಕೆ ಇಂಥ ಭೇದ ಬೇಕಿಲ್ಲ, ಎರಡೂ ಕಡೆ ಷಷ್ಠಿ ನಡೆಯುತ್ತದೆ. ಆದರೆ ಇಂಗ್ಲಿಷಿನ ಈ ನಿಯಮಕ್ಕೂ ಒಂದು ವಿನಾಯಿತಿ ಉಂಟು. ಕಾಲಕ್ಕೆ ಜೀವವಿಲ್ಲ, ಆದರೂ ‘ಟುಡೇಸ್ ಪೇಪರ್’ ಎನ್ನುತ್ತಾರೆ, ‘ಎ ಡೇಸ್ ವರ್ಕ್’ ಎನ್ನುತ್ತಾರೆ, ‘ಟೂ ವೀಕ್ಸ್ ಲೀವ್’ ಕೇಳುತ್ತಾರೆ. ಇವತ್ತು ಎಂಬುದು ಪತ್ರಿಕೆಯ ಒಡೆಯನೇನಲ್ಲ.

ಎರಡನ್ನೂ ಒಟ್ಟಿಗೆ ಬಳಸುವುದೂ ಇದೆ. ‘ಎ ಪಿಕ್ಚರ್ ಆಫ್ ಮೈ ಫಾದರ್’ ಎಂದರೆ ಚಿತ್ರದಲ್ಲಿರುವವನು ಅಪ್ಪ. ‘ಎ ಪಿಕ್ಚರ್ ಆಫ್ ಮೈ ಫಾದರ್ಸ್’ ಎಂದರೆ ಚಿತ್ರ ಅಪ್ಪನ ಬಳಿ ಇರುವುದು ಅಥವಾ ಅಪ್ಪ ತೆಗೆದದ್ದು. ಅದರಲ್ಲಿ ತಿರುಪತಿ ತಿಮ್ಮಪ್ಪನಿರಬಹುದು, ರಾಜಕುಮಾರ್ ಇರಬಹುದು. ಕನ್ನಡದ ‘ಅಪ್ಪನ ಫೋಟೋ’ ಇಷ್ಟನ್ನೂ ಒಂದೇ ಮಡಿಕೆಯಲ್ಲಿ ಇಟ್ಟುಕೊಂಡು, ಬಿಡಿಸುವ ಕೆಲಸವನ್ನು ಕೇಳುವವರಿಗೆ ಬಿಡುತ್ತದೆ.

ನೆರೆಮನೆಯ ನಾಯಿ

ಉಳಿದ ಸಕಾರ ಹಳೆಯ ವಿಭಕ್ತಿಯಾಗಿಯೂ ಉಳಿಯಲಿಲ್ಲ. ಚಾಸರ್ 14ನೆಯ ಶತಮಾನದ ಕವಿ. ಅವನ ‘ಕ್ಯಾಂಟರ್ಬರಿ ಟೇಲ್ಸ್’ನಲ್ಲಿ ಬಾತ್ ಊರಿನ ಹೆಂಗಸೊಬ್ಬಳು ಹೇಳುವ ಕಥೆಗೆ ಇಂದು ನಾವು ‘ದ ವೈಫ್ ಆಫ್ ಬಾತ್ಸ್ ಟೇಲ್’ ಎನ್ನುತ್ತೇವೆ. ಹಳೆಯ ಹಸ್ತಪ್ರತಿಯ ತಲೆಬರಹದಲ್ಲಿರುವುದು ‘ದ ವೈವ್ಸ್ ಟೇಲ್ ಆಫ್ ಬಾತ್’ ಎಂಬ ರೀತಿ. ಕಥೆ ಹೆಂಗಸಿನದು, ಆದ್ದರಿಂದ ಪ್ರತ್ಯಯ ಹೆಂಗಸಿಗೇ ಹತ್ತಬೇಕು. ಊರಿನ ಹೆಸರು ಆಮೇಲೆ ಬರಲಿ. ವಿಭಕ್ತಿ ಜೀವಂತವಾಗಿದ್ದ ಭಾಷೆಗೆ ಇದೇ ಸಹಜ.

ಕ್ರಮೇಣ ಸಕಾರ ಆ ಪದದಿಂದ ಕಳಚಿಕೊಂಡು ಇಡೀ ಪದಗುಚ್ಛದ ಬಾಲಕ್ಕೆ ಸರಿಯಿತು. ‘ದ ಕಿಂಗ್ ಆಫ್ ಇಂಗ್ಲೆಂಡ್ಸ್ ಡಾಟರ್’ ಎನ್ನುವಲ್ಲಿ ಪ್ರತ್ಯಯವಿರುವುದು ಇಂಗ್ಲೆಂಡಿನ ಮೇಲೆ, ಮಗಳು ಮಾತ್ರ ರಾಜನವಳು. ‘ದ ಬಾಯ್ ನೆಕ್ಸ್ಟ್ ಡೋರ್ಸ್ ಡಾಗ್’ ಎನ್ನುವಲ್ಲಿ ಪ್ರತ್ಯಯ ಬಾಗಿಲಿಗೆ ಹತ್ತಿದೆ, ನಾಯಿ ಹುಡುಗನದು. ನಮ್ಮ ‘ಊ’, ‘ಏ’ಗಳಂತೆ ಯಾವ ಮಾತಿನ ಬೆನ್ನಿಗಾದರೂ ಹತ್ತಿಕೊಳ್ಳುವ ತುಣುಕು ಇದು. ಇಂಗ್ಲಿಷ್ ಕಲಿಯುವ ಕನ್ನಡ ಮಕ್ಕಳು ಇಲ್ಲಿ ತಬ್ಬಿಬ್ಬಾಗುವುದಕ್ಕೆ ಕಾರಣವಿದೆ. ಕನ್ನಡದಲ್ಲಿ ವಿಶೇಷಣಗಳೆಲ್ಲ ಮುಂಚೆಯೇ ಬಂದುಬಿಡುತ್ತವೆ, ಮುಖ್ಯ ನಾಮಪದ ಕೊನೆಗೆ ಬರುತ್ತದೆ. ‘ನೆರೆಮನೆಯ ಹುಡುಗನ ನಾಯಿ’ ಎನ್ನುವಾಗ ಪ್ರತ್ಯಯ ಯಾರ ಮೇಲೆ ಬೀಳಬೇಕೋ ಅವರ ಮೇಲೆಯೇ ಬೀಳುತ್ತದೆ.

ಅವನ, ಅವಳ ಗೊಂದಲ

16 ಮತ್ತು 17ನೆಯ ಶತಮಾನಗಳಲ್ಲಿ ಇಂಗ್ಲಿಷರಿಗೇ ಈ ಸಕಾರ ಎಲ್ಲಿಂದ ಬಂತೆಂಬುದು ಮರೆತುಹೋಗಿತ್ತು. ಮಾತಿನ ಓಟದಲ್ಲಿ ‘ಹಿಸ್’ ಎಂಬ ಪದದ ಹಕಾರ ಬಿದ್ದುಹೋಗಿ ‘ಇಸ್’ ಎಂದು ಕೇಳಿಸುತ್ತದೆ, ಹಳೆಯ ‘ಎಸ್’ ಪ್ರತ್ಯಯವೂ ಹಾಗೆಯೇ ಕೇಳಿಸುತ್ತಿತ್ತು. ಹಾಗಾದರೆ ‘ರಾಜನ ಮಗಳು’ ಎಂದರೆ ‘ರಾಜ ಅವನ ಮಗಳು’ ಎಂಬುದರ ಸಂಕ್ಷೇಪವಿರಬೇಕು ಎಂದು ಜನ ತಿಳಿದರು, ಬರೆಯುವಾಗ ಹಾಗೆಯೇ ಬಿಡಿಸಿ ಬರೆದರು. ಬೆನ್ ಜಾನ್ಸನ್ನನ ನಾಟಕ 1605ರಲ್ಲಿ ಅಚ್ಚಾದಾಗ ಅದರ ಹೆಸರು ‘ಸೆಜೇನಸ್ ಹಿಸ್ ಫಾಲ್’. 1662ರ ಇಂಗ್ಲೆಂಡ್ ಚರ್ಚಿನ ಪ್ರಾರ್ಥನಾ ಪುಸ್ತಕದಲ್ಲಿ ಕ್ರಿಸ್ತನ ಹೆಸರಿನ ಮುಂದೆಯೂ ಒಂದು ಕಡೆ ‘ಹಿಸ್’ ಕುಳಿತಿದೆ.

ಈ ರೂಢಿಯ ಒಂದು ತುಣುಕು ನಮ್ಮ ಹಂಪೆಗೂ ತಗುಲಿದೆ. ಸ್ಯಾಮ್ಯುಯೆಲ್ ಪರ್ಚಸ್ ಎಂಬ ಪಾದ್ರಿ ಪ್ರವಾಸಿಗಳ ಬರಹಗಳನ್ನು ಒಟ್ಟುಗೂಡಿಸಿ 1625ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ. ಹೊತ್ತಗೆಯ ಹೆಸರೇ ‘ಪರ್ಚಸ್ ಹಿಸ್ ಪಿಲ್‌ಗ್ರಿಮ್ಸ್’. ಅದರೊಳಗೆ ವೆನಿಸ್ಸಿನ ವ್ಯಾಪಾರಿ ಚೆಸಾರೆ ಫೆಡೆರಿಚಿಯ ಬರಹವಿದೆ, ಅದರ ತಲೆಬರಹದಲ್ಲಿಯೂ ಅವನ ಹೆಸರಿನ ಮುಂದೆ ‘ಹಿಸ್’ ಇದೆ. ತಾಳಿಕೋಟೆಯ ಯುದ್ಧವಾದ ಎರಡು ವರ್ಷಕ್ಕೆ, 1567ರಲ್ಲಿ, ವಿಜಯನಗರಕ್ಕೆ ಬಂದು ಏಳು ತಿಂಗಳು ನಿಂತವನು ಇವನು. ಮನೆಗಳು ನಿಂತಿವೆ, ಒಳಗೆ ಮನುಷ್ಯರಿಲ್ಲ, ಹುಲಿಗಳೂ ಕಾಡುಮೃಗಗಳೂ ವಾಸವಾಗಿವೆ ಎಂದು ಬರೆದವನು. ಯಾರ ಮನೆ ಯಾರದಾಗಿ ಉಳಿದಿರಲಿಲ್ಲವೋ ಆ ಊರಿನ ವರದಿ ಇಂಗ್ಲಿಷ್ ಓದುಗರಿಗೆ ತಲುಪಿದ್ದು ಹೀಗೆ ‘ಅವನ’ ಎಂದು ಬಿಡಿಸಿ ಹೇಳುವ ತಲೆಬರಹದ ಕೆಳಗೆ.

ತಪ್ಪು ತಿಳಿವಳಿಕೆ ವಿದ್ವಾಂಸರನ್ನೂ ಬಿಡಲಿಲ್ಲ. 1711ರಲ್ಲಿ ಜೋಸೆಫ್ ಅಡಿಸನ್ ತನ್ನ ‘ಸ್ಪೆಕ್ಟೇಟರ್’ ಪತ್ರಿಕೆಯಲ್ಲಿ ಈ ಸಕಾರ ಹಿಂದಿನವರ ‘ಅವನ’, ‘ಅವಳ’ ಎಂಬ ಪದಗಳ ಬದಲಿಗೆ ನಿಂತದ್ದು ಎಂದೇ ಬರೆದ. 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ತನ್ನ ನಿಘಂಟಿನ ಮೊದಲಿನ ವ್ಯಾಕರಣದಲ್ಲಿ ಒಂದು ಸರಳ ಪ್ರಶ್ನೆಯಿಂದ ಇದನ್ನು ಅಲ್ಲಗಳೆದ: ‘ಹೆಂಗಸಿನ ಚೆಲುವು’ ಎನ್ನುವಾಗಲೂ ಇದೇ ಸಕಾರ ಬರುತ್ತದಲ್ಲ, ಅಲ್ಲಿ ‘ಹೆಂಗಸು ಅವನ ಚೆಲುವು’ ಎಂದು ಬಿಡಿಸುತ್ತೀರಾ?

ಅಷ್ಟರಲ್ಲಿ ಚಿಹ್ನೆ ಊರಿಬಿಟ್ಟಿತ್ತು. ಅಪಾಸ್ಟ್ರಫಿ ಎಂಬ ಆ ಕೊಕ್ಕೆ 16ನೆಯ ಶತಮಾನದಲ್ಲಿ ಫ್ರಾನ್ಸಿನ ಮುದ್ರಕರಿಂದ ಇಂಗ್ಲೆಂಡಿಗೆ ಬಂದದ್ದು. ಇಲ್ಲೊಂದು ಅಕ್ಷರ ಬಿಟ್ಟುಹೋಗಿದೆ ಎಂದು ತೋರಿಸುವುದಷ್ಟೇ ಅದರ ಕೆಲಸ. ‘ಎಸ್’ ಪ್ರತ್ಯಯದ ಸ್ವರ ಬಿದ್ದುಹೋದದ್ದಕ್ಕೆ ಅದು ಗುರುತೆಂದು ಕೆಲವರು, ‘ಹಿಸ್’ ಬಿದ್ದುಹೋದದ್ದಕ್ಕೆ ಗುರುತೆಂದು ಕೆಲವರು. 18ನೆಯ ಶತಮಾನದಲ್ಲಿ ಏಕವಚನಕ್ಕೆ ಅದು ನೆಲೆಯಾಯಿತು, ಬಹುವಚನಕ್ಕೆ ಸಕಾರದ ಆಚೆ ಇಡಬೇಕೆಂಬ ನಿಯಮ ಗಟ್ಟಿಯಾಗಲು ಇನ್ನೂ ತಡವಾಯಿತು. ಕಿವಿಗೆ ಕೇಳಿಸದ ಚಿಹ್ನೆ ಅದು. ಕಣ್ಣಿಗಾಗಿ, ಅಚ್ಚುಮನೆಗಾಗಿ ಹುಟ್ಟಿದ್ದು.

‘ಇಟ್ಸ್’ ಎಂಬ ಪದದ ಕಥೆ ಇನ್ನೂ ಸೋಜಿಗ. ಬಹುಕಾಲ ‘ಅದರ’ ಎನ್ನುವುದಕ್ಕೂ ಇಂಗ್ಲಿಷಿನಲ್ಲಿ ‘ಹಿಸ್’ ಎಂದೇ ಇತ್ತು. ‘ಇಟ್ಸ್’ ಅಚ್ಚಿನಲ್ಲಿ ಕಾಣಿಸಿಕೊಂಡದ್ದು 16ನೆಯ ಶತಮಾನದ ಕೊನೆಗೆ. 1611ರ ಕಿಂಗ್ ಜೇಮ್ಸ್ ಬೈಬಲ್ಲಿನ ಮೊದಲ ಅಚ್ಚಿನಲ್ಲಿ ಅದು ಇರಲೇ ಇಲ್ಲ. ಬ್ರಿಸ್ಟಲ್ಲಿನ ಥಾಮಸ್ ಚಾಟರ್ಟನ್ ಎಂಬ ಹುಡುಗ ತಾನೇ ಬರೆದ ಪದ್ಯಗಳನ್ನು 15ನೆಯ ಶತಮಾನದ ಪಾದ್ರಿಯೊಬ್ಬನ ಹೆಸರಿನಲ್ಲಿ ಹೊರತಂದ. ಅವು ಹಳೆಯವಲ್ಲ ಎಂಬುದಕ್ಕೆ ವಿದ್ವಾಂಸರು ತೋರಿಸಿದ ಸಾಕ್ಷಿಗಳಲ್ಲಿ ಈ ‘ಇಟ್ಸ್’ ಕೂಡ ಒಂದು. ಹುಟ್ಟಿದ ಮೇಲೆ ಇನ್ನೂರು ವರ್ಷ ಈ ಪದವನ್ನು ಬಹಳ ಜನ ಕೊಕ್ಕೆ ಸಮೇತವೇ ಬರೆಯುತ್ತಿದ್ದರು. ಇಂದು ಹಾಗೆ ಬರೆದರೆ ಕೆಂಪು ಗೆರೆ ಬೀಳುತ್ತದೆ. ಆ ಗೆರೆಗಳನ್ನು ಎಳೆದೇ ನನ್ನ ಸಂಬಳ ಬರುತ್ತಿತ್ತು. 2001ರಲ್ಲಿ ಜಾನ್ ರಿಚರ್ಡ್ಸ್ ಎಂಬ ನಿವೃತ್ತ ಪತ್ರಕರ್ತರು ಇಂಗ್ಲೆಂಡಿನಲ್ಲಿ ಅಪಾಸ್ಟ್ರಫಿ ರಕ್ಷಣೆಗೆಂದೇ ಸಂಘ ಕಟ್ಟಿದರು, 2019ರಲ್ಲಿ ಅಜ್ಞಾನವೂ ಸೋಮಾರಿತನವೂ ಗೆದ್ದವೆಂದು ಹೇಳಿ ಮುಚ್ಚಿದರು. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಅವರು ಕಾಯುತ್ತಿದ್ದ ಚಿಹ್ನೆಯ ಬುಡದಲ್ಲಿ ಒಂದು ಹಳೆಯ ಅಪನಂಬಿಕೆಯ ಪಾಲೂ ಇದೆ ಎಂಬುದನ್ನು ಮರೆಯಲಾರೆ.

ಹೆಸರಿನ ಮಹಿಮೆ

ಈಗ ಹೆಸರಿಗೆ ಬರೋಣ. ಲ್ಯಾಟಿನ್ ವ್ಯಾಕರಣದಲ್ಲಿ ಈ ವಿಭಕ್ತಿಯ ಹೆಸರಿಗೆ ಹುಟ್ಟು, ಕುಲ ಎಂಬ ಅರ್ಥದ ನಂಟಿದೆ. ಇಂಗ್ಲಿಷ್ ವ್ಯಾಕರಣಗಳೂ ಅದನ್ನೇ ಎರವಲು ಪಡೆದಿದ್ದವು. 1762ರಲ್ಲಿ ರಾಬರ್ಟ್ ಲೌತ್, ಮುಂದೆ ಲಂಡನ್ನಿನ ಬಿಷಪ್ ಆದವನು, ತನ್ನ ಪುಟ್ಟ ವ್ಯಾಕರಣದಲ್ಲಿ ಇದನ್ನು ‘ಪೊಸೆಸಿವ್’ ಎಂದು ಕರೆಯುವುದೇ ಹೆಚ್ಚು ಸರಿ ಎಂದ. ಅವನ ಪುಸ್ತಕ ಶಾಲೆಗಳಲ್ಲಿ ಬಹುಕಾಲ ಬಾಳಿತು. ಆ ಹೆಸರಿನ ಶಾಲಾ ಪಾಠವೇ ನಮ್ಮವರೆಗೂ ಬಂದಿದೆ.

ನಮ್ಮ ವೈಯಾಕರಣರು ಹೀಗೆ ಮಾಡಲಿಲ್ಲ. ಅವರು ವಿಭಕ್ತಿಗಳಿಗೆ ಸಂಖ್ಯೆ ಕೊಟ್ಟರು. ಇದು ಆರನೆಯದು, ಅಷ್ಟೇ. ಪಾಣಿನಿ ಕ್ರಿಯೆಯ ಜೊತೆ ನೇರ ನಂಟಿರುವ ಕರ್ತೃ, ಕರ್ಮ ಮೊದಲಾದ ಆರು ಕಾರಕಗಳನ್ನು ಹೇಳಿ, ಉಳಿದ ಸಂಬಂಧಗಳಿಗೆಲ್ಲ ಷಷ್ಠಿ ಎಂದು ಬಿಟ್ಟ. ಷಷ್ಠಿ ಕಾರಕವೇ ಅಲ್ಲ. ಇಬ್ಬರ ನಡುವಿನ ಸಂಬಂಧ. ಯಾವ ಸಂಬಂಧ ಎಂದು ಅದು ಹೇಳುವುದಿಲ್ಲ. ಕನ್ನಡದ ಷಷ್ಠಿಯೂ ಇದೇ ಜಾಯಮಾನದ್ದು. ಒಡೆತನವನ್ನೇ ಖಚಿತವಾಗಿ ಹೇಳಬೇಕಾದಾಗ ನಾವು ‘ನನ್ನ ಹತ್ತಿರ ಇದೆ’, ‘ನನಗೆ ಇದೆ’ ಎನ್ನುತ್ತೇವೆ. ಇಂಗ್ಲಿಷಿನ ‘ಹ್ಯಾವ್’ನಂಥ ಕ್ರಿಯಾಪದ ನಮ್ಮಲ್ಲಿಲ್ಲ.

ದಿನಬಳಕೆಯ ಇಂಗ್ಲಿಷನ್ನು ಕಿವಿಗೊಟ್ಟು ಕೇಳಿದರೆ ನಮ್ಮವರ ಮಾತೇ ಸರಿಯೆನಿಸುತ್ತದೆ. ‘ಮೈ ಟ್ರೇನ್ ಈಸ್ ಲೇಟ್’ ಎನ್ನುವವನಿಗೆ ರೈಲಿನಲ್ಲಿ ಇರುವುದು ನಿಲ್ಲುವಷ್ಟು ಜಾಗ. ‘ಮೈ ಬಾಸ್’ ಎನ್ನುವಲ್ಲಿ ಯಾರು ಯಾರ ಅಂಕೆಯಲ್ಲಿದ್ದಾರೆಂಬುದು ಪದದ ಅರ್ಥಕ್ಕೆ ತಿರುಗುಮುರುಗು. ‘ದ ಕಿಂಗ್ಸ್ ಮರ್ಡರ್’ ಎಂದರೆ ಕೊಂದವನು ರಾಜನೋ, ಸತ್ತವನು ರಾಜನೋ ಸಂದರ್ಭವೇ ಹೇಳಬೇಕು. ‘ಮೈ ವಿಲೇಜ್’ ಎನ್ನುವ ನಮ್ಮಲ್ಲಿ ಎಷ್ಟೋ ಜನರಿಗೆ ಊರಿನಲ್ಲಿ ಗೇಣು ನೆಲವೂ ಇಲ್ಲ. ಪಹಣಿಯಲ್ಲಿ ಹೆಸರಿಲ್ಲ, ಮತದಾರರ ಪಟ್ಟಿಯಲ್ಲೂ ಇಲ್ಲ. ಆದರೂ ‘ನಮ್ಮೂರು’ ಎನ್ನುವಾಗ ನಾವು ಸುಳ್ಳು ಹೇಳುತ್ತಿಲ್ಲ.

ವ್ಯಾಕರಣ ಕೊಟ್ಟದ್ದನ್ನು ಕಾನೂನು ಕಿತ್ತುಕೊಂಡದ್ದು

ವ್ಯಾಕರಣದ ಒಡೆತನಕ್ಕೂ ನಿಜವಾದ ಒಡೆತನಕ್ಕೂ ಎಷ್ಟು ದೂರ ಎಂಬುದನ್ನು ಇಂಗ್ಲೆಂಡಿನ ಹೆಂಗಸರು ಚೆನ್ನಾಗಿ ಬಲ್ಲವರಾಗಿದ್ದರು. ‘ಹರ್ ಹಸ್ಬೆಂಡ್’, ‘ಹಿಸ್ ವೈಫ್’: ವಾಕ್ಯದಲ್ಲಿ ಇಬ್ಬರೂ ಸಮಸಮ. ಆದರೆ ಲೌತ್ ಬರೆದ ಕೆಲವೇ ವರ್ಷಕ್ಕೆ, 1765ರಲ್ಲಿ, ವಿಲಿಯಂ ಬ್ಲ್ಯಾಕ್‌ಸ್ಟೋನ್ ಇಂಗ್ಲೆಂಡಿನ ಕಾನೂನನ್ನು ವಿವರಿಸುತ್ತ, ಮದುವೆಯಾದ ಮೇಲೆ ಗಂಡಹೆಂಡಿರು ಕಾನೂನಿನ ಕಣ್ಣಿಗೆ ಒಬ್ಬನೇ ವ್ಯಕ್ತಿ ಎಂದ. ಆ ಒಬ್ಬ ಗಂಡ. ಅವಳ ನಗನಾಣ್ಯ, ಅವಳ ದುಡಿಮೆ ಅವನ ಪಾಲಿಗೆ.

ಕ್ಯಾರೊಲಿನ್ ನಾರ್ಟನ್ ಎಂಬ ಲೇಖಕಿ 1836ರಲ್ಲಿ ಗಂಡನಿಂದ ಬೇರೆಯಾದಳು. ಕವಿತೆ, ಕಾದಂಬರಿ ಬರೆದು ಸಂಪಾದಿಸುತ್ತಿದ್ದಳು. ಪುಸ್ತಕ ನಾರ್ಟನ್ನಳದು, ಓದುಗರ ಬಾಯಲ್ಲಿ ಸಕಾರ ಅವಳ ಹೆಸರಿಗೇ. ಆದರೆ ಅದರಿಂದ ಬಂದ ಹಣದ ಮೇಲೆ ಹಕ್ಕು ಕಾನೂನಿನ ಪ್ರಕಾರ ಗಂಡನದು, ಅವನು ಅದನ್ನು ಕೇಳಿಯೂ ಕೇಳಿದ. 1855ರಲ್ಲಿ ಅವಳು ರಾಣಿ ವಿಕ್ಟೋರಿಯಾಗೆ ಬಹಿರಂಗ ಪತ್ರ ಬರೆದು ಅಚ್ಚುಹಾಕಿಸಿದಳು. ಮದುವೆಯಾದ ಹೆಂಗಸಿನ ಸಂಪಾದನೆ ಅವಳದೇ ಎಂದು ಕಾಯಿದೆ ಆದದ್ದು 1870ರಲ್ಲಿ, ಆಸ್ತಿ ಪೂರ್ತಿ ಅವಳದೇ ಎಂದಾದದ್ದು 1882ರಲ್ಲಿ. ‘ಅವಳ’ ಎಂಬ ಷಷ್ಠಿ ಅಲ್ಲಿಯವರೆಗೆ ಬರಿಯ ಷಷ್ಠಿಯಾಗಿತ್ತು.

ಊರು, ಬೀದಿಗಳ ಹೆಸರಿನಲ್ಲಿ ಸರ್ಕಾರಗಳೇ ಈ ಗೊಂದಲವನ್ನು ಎದುರಿಸಿವೆ. ಅಮೆರಿಕದಲ್ಲಿ ಸ್ಥಳನಾಮಗಳ ಮಂಡಳಿ 1890ರಲ್ಲಿ ಹುಟ್ಟಿದ ಕಾಲದಿಂದಲೂ ಹೆಸರುಗಳಿಂದ ಅಪಾಸ್ಟ್ರಫಿಯನ್ನು ಕಿತ್ತುಹಾಕುತ್ತ ಬಂದಿದೆ. ಹೆಸರಾದ ಮೇಲೆ ಅದು ಯಾರದೂ ಅಲ್ಲ ಎಂಬ ತರ್ಕ. 1933ರಲ್ಲಿ ಮಾರ್ಥಾಸ್ ವಿನ್‌ಯಾರ್ಡ್ ದ್ವೀಪಕ್ಕೆ ವಿನಾಯಿತಿ ಸಿಕ್ಕಿತು, ಆಮೇಲೆ ಇನ್ನು ಬೆರಳೆಣಿಕೆಯ ಜಾಗಗಳಿಗೆ. ಲಂಡನ್ನಿನ ನೆಲದಡಿಯ ರೈಲಿನ ಪಿಕಡಿಲಿ ಮಾರ್ಗದಲ್ಲಿ ಅರ್ಲ್ಸ್ ಕೋರ್ಟಿಗೆ ಕೊಕ್ಕೆ ಉಂಟು, ಮುಂದಿನ ನಿಲ್ದಾಣ ಬ್ಯಾರನ್ಸ್ ಕೋರ್ಟಿಗೆ ಇಲ್ಲ. ನಮ್ಮ ಲಿಪಿಗಳಲ್ಲಿ ಈ ಜಗಳವೇ ಇಲ್ಲ. ಮದರಾಸಿನಲ್ಲಿ ಥಾಮಸ್ ಪ್ಯಾರಿ ಎಂಬ ವ್ಯಾಪಾರಿಯ ಕಂಪನಿಯಿಂದ ಹೆಸರಾದ ಮೂಲೆ ‘ಪ್ಯಾರಿಸ್ ಕಾರ್ನರ್’. ಕೇಳಿದವರಿಗೆ ಫ್ರಾನ್ಸಿನ ನಗರ ನೆನಪಾದರೆ ತಪ್ಪಲ್ಲ. ಮುಂಬಯಿಯ ಗ್ರ್ಯಾಂಟ್ ರೋಡ್, ಬೆಂಗಳೂರಿನ ಕಬ್ಬನ್ ಪಾರ್ಕ್‌ಗಳಲ್ಲಿ ಸಕಾರವೂ ಇಲ್ಲ. ಅದು ಗೌರವದ ಹೆಸರು. ಸಕಾರ ಸೇರಿಸಿದರೆ ರಸ್ತೆ ಅವರ ಮನೆಯ ಹಿತ್ತಲಿನದಾಗಿಬಿಡುತ್ತಿತ್ತು.

ಸಕಾರವಿಲ್ಲದ ಹೆಸರು ಎಷ್ಟೋ ಸಲ ಗೆದ್ದವನದು. ಲಾರ್ಡ್ ಎಲ್ಗಿನ್ ಅಥೆನ್ಸಿನ ಪಾರ್ಥೆನಾನ್ ಗುಡಿಯಿಂದ ಕಿತ್ತು ತರಿಸಿದ ಶಿಲ್ಪಗಳನ್ನು ಬ್ರಿಟಿಷ್ ಸರ್ಕಾರ 1816ರಲ್ಲಿ ಕೊಂಡುಕೊಂಡಿತು. ಅವುಗಳಿಗೆ ‘ಎಲ್ಗಿನ್ ಮಾರ್ಬಲ್ಸ್’ ಎಂಬ ಹೆಸರು ನಿಂತಿತು. ಕಡೆದವನ ಹೆಸರಿಲ್ಲ, ಊರಿನ ಹೆಸರಿಲ್ಲ. ಹಡಗಿಗೆ ಹೇರಿಸಿದವನ ಹೆಸರು ಉಳಿಯಿತು.

ಶ್ರೀರಂಗಪಟ್ಟಣದ ಕಥೆ ಇದಕ್ಕೆ ತಿರುಗುಮುರುಗು. 1799ರ ಮೇ 4ರಂದು ಕೋಟೆ ಬಿತ್ತು, ಟಿಪ್ಪು ಸತ್ತ, ಅರಮನೆ ಸೂರೆಯಾಯಿತು. ಸಿಕ್ಕ ವಸ್ತುಗಳಲ್ಲಿ ಬಣ್ಣ ಬಳಿದ, ಹೆಚ್ಚುಕಡಿಮೆ ಜೀವಗಾತ್ರದ ಮರದ ಹುಲಿಯೊಂದಿತ್ತು. ಕೆಳಗೆ ಬಿದ್ದ ಐರೋಪ್ಯನೊಬ್ಬನ ಮೇಲೆ ಅದು ಎರಗಿದೆ. ಪಕ್ಕದ ಹಿಡಿಕೆ ತಿರುಗಿಸಿದರೆ ಹುಲಿ ಗುರುಗುಟ್ಟುತ್ತದೆ, ಮನುಷ್ಯ ನರಳುತ್ತಾನೆ. ಹೊಟ್ಟೆಯೊಳಗೆ ಆರ್ಗನ್ ವಾದ್ಯದ ಮನೆಗಳಿವೆ. ಲಂಡನ್ನಿಗೆ ಸಾಗಿಸಿದ ಅದನ್ನು ಈಸ್ಟ್ ಇಂಡಿಯಾ ಕಂಪನಿ 1808ರಲ್ಲಿ ಲೆಡನ್‌ಹಾಲ್ ಬೀದಿಯ ತನ್ನ ಕಚೇರಿಯಲ್ಲಿ ಜನ ನೋಡಲೆಂದು ಇಟ್ಟಿತು. ಇಂದು ಅದು ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಹುಲಿ ಕಂಪನಿಯದಾಯಿತು, ಆಮೇಲೆ ಸರ್ಕಾರದ್ದು, ಆಮೇಲೆ ಸಂಗ್ರಹಾಲಯದ್ದು. ಕಾಗದಪತ್ರದಲ್ಲಿ ಒಡೆಯರು ಇಷ್ಟು ಸಲ ಬದಲಾದರೂ ಇಂಗ್ಲಿಷರು ಅದನ್ನು ಕರೆಯುವುದು ‘ಟಿಪ್ಪೂಸ್ ಟೈಗರ್’ ಎಂದೇ, ಸಕಾರ ಸಮೇತ, ಕೊಕ್ಕೆ ಸಮೇತ.

ಲೌತ್‌ನ ಹೆಸರನ್ನು ಅಕ್ಷರಶಃ ನಂಬಿದರೆ ಇದು ತಪ್ಪು ವಾಕ್ಯ, ಕರಡಚ್ಚಿನಲ್ಲಿ ಬಂದಿದ್ದರೆ ‘ಒಡೆತನ ಪರಿಶೀಲಿಸಿ’ ಎಂದು ಅಂಚಿನಲ್ಲಿ ಬರೆಯಬೇಕು. ಪಾಣಿನಿಯ ಲೆಕ್ಕದಲ್ಲಿ ಮಾತ್ರ ತಪ್ಪೇನಿಲ್ಲ. ಮಾಡಿಸಿದವನು ಅವನು, ಇಟ್ಟುಕೊಂಡವನು ಅವನು, ಕೊನೆಗೆ ಕಳೆದುಕೊಂಡವನೂ ಅವನು. ಆರನೆಯ ವಿಭಕ್ತಿಗೆ ಅಷ್ಟು ಸಂಬಂಧ ಸಾಕು.